ಕಡೆದ ಮರದ ಬಟ್ಟಲು: ಒಡಕಿನ ಕಾರಣವೂ ದುರಸ್ತಿಯ ಕ್ರಮವೂ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರು ದೂರದಲ್ಲಿರುವ ಚನ್ನಪಟ್ಟಣವು ಬಣ್ಣದ ಗೊಂಬೆಗಳಿಗಾಗಿ ಪ್ರಸಿದ್ಧವಾಗಿದೆ. 2005–06ರಲ್ಲಿ ಈ ಗೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆಯಿತು. ಗೊಂಬೆಯನ್ನು ಕಡೆಯುವ ತಿರುಗಣೆಯ ಮೇಲೆಯೇ, ಅದೇ ಮರದಿಂದ, ಅದೇ ಅರಗಿನ ಲೇಪದೊಡನೆ ಬಟ್ಟಲು, ಭರಣಿ, ಕುಂಕುಮದ ಕರಡಿಗೆ ಮುಂತಾದ ಗೃಹೋಪಯೋಗಿ ವಸ್ತುಗಳೂ ಸಿದ್ಧವಾಗುತ್ತವೆ. ಇಂಥ ಬಟ್ಟಲೊಂದು ಒಡೆದಾಗ ಅದನ್ನು ಎಸೆದುಬಿಡುವುದು, ಇಲ್ಲವೆ ಕೈಗೆ ಸಿಕ್ಕಿದ ಅಂಟನ್ನು ಬಳಿದು ಬಲವಾಗಿ ಬಿಗಿಯುವುದು ರೂಢಿ. ಹೀಗೆ ಬಿಗಿದ ಬಟ್ಟಲು ಅನೇಕ ವೇಳೆ ಮತ್ತೊಂದೆಡೆಯಲ್ಲಿ ಸೀಳುತ್ತದೆ. ಇದಕ್ಕೆ ಅಂಟಿನ ದೋಷಕ್ಕಿಂತ ಒಡಕಿನ ಜಾತಿಯನ್ನು ಗುರುತಿಸದಿರುವುದೇ ಮುಖ್ಯ ಕಾರಣವೆಂಬುದನ್ನು ಪ್ರಕೃತ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇವೆ.

ಮೊದಲು ವಸ್ತುವಿನ ಸ್ವರೂಪವನ್ನು ಪರಿಶೀಲಿಸೋಣ. ಚನ್ನಪಟ್ಟಣದ ಕುಶಲಿಗಳು ಪರಂಪರೆಯಿಂದ ಬಳಸುತ್ತ ಬಂದುದು ಹಾಲೆ ಮರವನ್ನು. ಆಡುನುಡಿಯಲ್ಲಿ ಇದು ಆಲೆ ಮರ; ಸಸ್ಯಶಾಸ್ತ್ರಜ್ಞರು ಇದನ್ನು ರೈಟಿಯ ಟಿಂಕ್ಟೋರಿಯ ಎಂದು ಕರೆಯುತ್ತಾರೆ. ಆಂಧ್ರದ ಏಟಿಕೊಪ್ಪಾಕದ ಗೊಂಬೆಗಳಿಗೂ ಆಧಾರ ಇದೇ ಮರ. ಅಲ್ಲಿ ಅದರ ಹೆಸರು ಅಂಕುಡು. ಬಿಳುಪಾದ, ನಯವಾದ, ಒತ್ತಾದ ಎಳೆಗಳುಳ್ಳ ಈ ಮರವು ಉಳಿಗೆ ಸುಲಭವಾಗಿ ಒಗ್ಗುತ್ತದೆ. ಚಿಕ್ಕ ಬಟ್ಟಲನ್ನು ಸಾಮಾನ್ಯವಾಗಿ ದುಂಡನೆಯ ತುಂಡಿನಿಂದ ಕಡೆಯುವುದುಂಟು. ಆಗ ಕೊಂಬೆಯ ತಿರುಳು ತಿರುಗಣೆಯ ಅಕ್ಷದೊಡನೆ ಹೊಂದಿಕೊಂಡಿರುತ್ತದೆ; ಬಟ್ಟಲಿನ ಗೋಡೆಯಲ್ಲಿ ಎಳೆಗಳು ತಳದಿಂದ ಬಾಯಿಯವರೆಗೆ ನೆಟ್ಟಗೆ ನಿಲ್ಲುತ್ತವೆ; ತಳದಲ್ಲಿ ಎಳೆಗಳ ಕೊನೆಗಳು ಮಾತ್ರ ಕಾಣುತ್ತವೆ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲವೂ ಸುಗಮವಾಗುತ್ತದೆ.

ಹಸಿ ಮರದಲ್ಲಿರುವ ನೀರು ಆರುತ್ತ ಬಂದು, ತೇವಾಂಶವು ಒಣ ಮರದ ತೂಕದ ಸುಮಾರು ಶೇಕಡ 30ಕ್ಕಿಂತ ಕೆಳಗಿಳಿದಾಗ ಮರವು ಕುಗ್ಗಲು ಆರಂಭಿಸುತ್ತದೆ. ಈ ಕುಗ್ಗುವಿಕೆ ಎಲ್ಲ ದಿಕ್ಕುಗಳಲ್ಲಿಯೂ ಸಮನಾಗಿರುವುದಿಲ್ಲ. ಎಳೆಯ ಉದ್ದದಲ್ಲಿ ಅದು ನಗಣ್ಯ. ವರ್ಷಬಳೆಗಳ ಸುತ್ತಿನಲ್ಲಿ ಆಗುವ ಕುಗ್ಗುವಿಕೆಯಾದರೋ ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಇಮ್ಮಡಿ. ನಿದರ್ಶನಕ್ಕಾಗಿ, 100 ಮಿಲಿಮೀಟರು ವ್ಯಾಸದ ತಳವುಳ್ಳ ಬಟ್ಟಲೊಂದು ಸುತ್ತಿನಲ್ಲಿ ಶೇಕಡ 6ರಷ್ಟು, ತ್ರಿಜ್ಯದಲ್ಲಿ ಶೇಕಡ 3ರಷ್ಟು ಕುಗ್ಗುವುದೆಂದು ಭಾವಿಸೋಣ. ಆರಂಭದಲ್ಲಿ ತಳದ ಸುತ್ತಳತೆ 314 ಮಿಲಿಮೀಟರು. ಕುಗ್ಗಿದ ತ್ರಿಜ್ಯಕ್ಕೆ ಬೇಕಾದ ಸುತ್ತಳತೆ ಸುಮಾರು 305. ಆದರೆ ಸುತ್ತಿನಲ್ಲಿ ಉಳಿದ ಮರ ಸುಮಾರು 295 ಮಾತ್ರ. ಕೊರತೆಯಾದ 9 ಅಥವಾ 10 ಮಿಲಿಮೀಟರನ್ನು ಮರವು ಸೆಳೆತವಾಗಿ ತಡೆದುಕೊಳ್ಳಬೇಕು, ಇಲ್ಲವೆ ಬಿರಿಯಬೇಕು. ಟೊಳ್ಳಾದ ಗೋಡೆಗೆ ಒಳಮುಖವಾಗಿ ಸರಿಯಲು ಅವಕಾಶವುಂಟು; ಗಟ್ಟಿಯಾದ ತಳಕ್ಕೆ ಆ ಅವಕಾಶವಿಲ್ಲ. ಆದುದರಿಂದಲೇ ಒಣಗುವಿಕೆಯ ಬಿರುಕು ಹೆಚ್ಚಾಗಿ ತಳದಲ್ಲಿ ಹುಟ್ಟಿ ಗೋಡೆಯನ್ನೇರುತ್ತದೆ. ಮರವನ್ನು ಕೆಲವು ತಿಂಗಳು ಆರಿಸಿದ ಬಳಿಕವೇ ಕಡೆಯಬೇಕೆಂಬ ಕುಶಲಿಗಳ ನಿಯಮಕ್ಕೆ ಇದೇ ಆಧಾರ.

ಹೀಗೆ ಒಡಕುಗಳಲ್ಲಿ ಎರಡು ಜಾತಿಗಳನ್ನು ಕಾಣಬಹುದು: ಬಿದ್ದು ಆದ ಒಡಕು, ಒಣಗಿ ಆದ ಬಿರುಕು. ಇವನ್ನು ಬೇರ್ಪಡಿಸುವ ಪರೀಕ್ಷೆ ಸರಳವಾದುದು. ಚೂರುಗಳನ್ನು ಅಂಟಿಲ್ಲದೆ, ಬೆರಳಿನ ಒತ್ತಡದಿಂದಷ್ಟೇ ಕೂಡಿಸಿ ನೋಡಬೇಕು. ಸಂದು ಕಣ್ಣಿಗೆ ಕಾಣದಂತೆ ಮುಚ್ಚಿಕೊಂಡರೆ ಅದು ಬಿದ್ದು ಆದ ಒಡಕು. ಮರದಲ್ಲಿ ಯಾವ ಕೊರತೆಯೂ ಉಂಟಾಗಿಲ್ಲ. ಒಂದು ಕೊನೆಯಲ್ಲಿ ಅಗಲವಾಗಿ ಮತ್ತೊಂದು ಕೊನೆಯಲ್ಲಿ ಕಿರಿದಾಗಿರುವ ಸಂದು, ಒತ್ತಿದರೆ ಮುಚ್ಚದೆ, ಬಿಟ್ಟೊಡನೆ ಹಿಂದಕ್ಕೆ ಚಿಮ್ಮಿದರೆ ಅದು ಒಣಗಿ ಆದ ಬಿರುಕು. ಮೊದಲನೆಯದನ್ನು ಕೂಡಿಸಬೇಕು, ಎರಡನೆಯದನ್ನು ತುಂಬಬೇಕು. ಎರಡನೆಯದನ್ನು ಬಲಾತ್ಕಾರದಿಂದ ಕೂಡಿಸಿದರೆ ಹಿಂದಿನ ಸೆಳೆತವೇ ಮರಳಿ ಬಂದು ಹೊಸ ಸೀಳಿಗೆ ದಾರಿಯಾಗುತ್ತದೆ.

ಬಿದ್ದು ಒಡೆದ ಬಟ್ಟಲಿನ ದುರಸ್ತಿಯನ್ನು ಮೊದಲು ನೋಡೋಣ. ಎಳೆಯ ಜಾಡಿನಲ್ಲಿಯೇ ಸೀಳಿದ ಮುಖಗಳು ಅಂಟಿಗೆ ಅತ್ಯಂತ ಅನುಕೂಲವಾದುವು. ಸರಿಯಾಗಿ ಬೆಸೆದರೆ ಬೆಸುಗೆಯು ಮರದಷ್ಟೇ ಬಲವಾಗಿರುತ್ತದೆ. ಎಳೆಗೆ ಅಡ್ಡಲಾಗಿ ಮುರಿದಲ್ಲಿ ಎಳೆಗಳ ಕೊನೆಗಳು ಅಂಟನ್ನು ಹೀರಿಬಿಡುವುದರಿಂದ ಬೆಸುಗೆ ದುರ್ಬಲವಾಗುತ್ತದೆ; ಅಲ್ಲಿ ಸಣ್ಣ ಮರದ ಗೂಟದ ಆಸರೆ ಬೇಕಾಗಬಹುದು. ಚೂರುಗಳನ್ನು ನೀರಿನಲ್ಲಿ ತೊಳೆಯಬಾರದು. ಒಣ ಕುಂಚದಿಂದ ಧೂಳನ್ನು ತೆಗೆದರೆ ಸಾಕು. ಮುರಿದ ಮುಖದ ಮೇಲೆ ಹರಡಿರುವ ಅರಗನ್ನು ಮದ್ಯಸಾರದಲ್ಲಿ ಅದ್ದಿದ ಬಟ್ಟೆಯಿಂದ ಮಿತವಾಗಿ ಒರೆಸಬೇಕು. ಬಡಗಿಗಳು ಬಳಸುವ ಮರವಜ್ರವನ್ನು, ಎಂದರೆ ಚರ್ಮ ಮೂಳೆಗಳನ್ನು ಬೇಯಿಸಿ ತೆಗೆದ ಅಂಟನ್ನು, ಬಿಸಿಯಾಗಿರುವಾಗಲೇ ತೆಳುವಾಗಿ ಬಳಿದು ಚೂರುಗಳನ್ನು ಸೇರಿಸಬೇಕು. ದುಂಡಾದ, ಮೇಲಕ್ಕೆ ಅಗಲವಾಗುವ ಪಾತ್ರೆಯಲ್ಲಿ ದಾರ ಜಾರುತ್ತದೆ. ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರಿನ ಪಟ್ಟಿಯನ್ನು ಸುತ್ತುವುದು ಒಂದು ಉಪಾಯ. ಬಟ್ಟಲಿನ ಓರೆಗೆ ಹೊಂದುವ ಮರದ ಬಳೆಯೊಂದನ್ನು ಕಡೆದು, ಗಾಡಿಯ ಗಾಲಿಗೆ ಪಟ್ಟಿ ತೊಡಿಸುವಂತೆ ತೊಡಿಸುವುದು ಇನ್ನೂ ಉತ್ತಮ. ಹೊರಚಿಮ್ಮಿದ ಅಂಟನ್ನು ಬೆಚ್ಚನೆಯ ಒದ್ದೆ ಬಟ್ಟೆಯಿಂದ ಒರೆಸಿ, ಒಂದು ದಿನ ಅಲುಗಿಸದೆ ಬಿಡಬೇಕು.

ಒಣಗಿದ ಬಿರುಕಿನ ವಿಷಯದಲ್ಲಿ ಮುಖ್ಯವಾದುದು ತಾಳ್ಮೆ. ಬೇಸಿಗೆಯಲ್ಲಿ ಬಿರುಕು ಅಗಲವಾಗುತ್ತದೆ, ಮಳೆಗಾಲದಲ್ಲಿ ಕಿರಿದಾಗುತ್ತದೆ. ಬೇಸಿಗೆಯಲ್ಲಿ ಗಟ್ಟಿಯಾದ ಪದಾರ್ಥದಿಂದ ತುಂಬಿದರೆ ಮಳೆಗಾಲದಲ್ಲಿ ಉಬ್ಬಿದ ಮರಕ್ಕೆ ಅದೇ ಬೆಣೆಯಾಗಿ ಪರಿಣಮಿಸುತ್ತದೆ. ಮಳೆಗಾಲದಲ್ಲಿ ತುಂಬಿದರೆ ಬೇಸಿಗೆಯಲ್ಲಿ ಸಂದು ಮತ್ತೆ ಬಾಯ್ತೆರೆಯುತ್ತದೆ. ಆದಕಾರಣ ಬಿರುಕಿನ ಅಗಲವನ್ನು ಗುರುತುಹಾಕಿ, ಅದು ಎರಡರ ನಡುವಣ ಸ್ಥಿತಿಯಲ್ಲಿರುವಾಗ ತುಂಬುವುದು ಯುಕ್ತ. ತುಂಬುವ ಪದಾರ್ಥವೂ ಹಾಲೆ ಮರದ ಸಿಬಿರೇ ಆಗಿರಬೇಕು; ಅದರ ಎಳೆ ಗೋಡೆಯ ಎಳೆಯ ದಿಕ್ಕಿನಲ್ಲಿಯೇ ನಿಲ್ಲಬೇಕು. ಆಗ ಎರಡೂ ಒಂದೇ ರೀತಿಯಲ್ಲಿ ಹಿಗ್ಗಿ ಕುಗ್ಗುತ್ತವೆ. ಮರದ ಪುಡಿಯನ್ನು ಅಂಟಿನಲ್ಲಿ ಕಲಸಿದ ಹದವು ಕೂದಲೆಳೆಯಷ್ಟು ಸಂದಿಗೆ ಮಾತ್ರ ತಕ್ಕುದು. ಬಾಯಿಯಂಚಿನ ಚೂರು ಕಳೆದುಹೋಗಿದ್ದಲ್ಲಿಯೂ ತೇಪೆಗೆ ಇದೇ ನಿಯಮ ಅನ್ವಯಿಸುತ್ತದೆ.

ಮರದ ಕೆಲಸ ಮುಗಿದ ಮೇಲೆ ಲೇಪದ ಪ್ರಶ್ನೆ ಏಳುತ್ತದೆ. ಅರಗು ಮರದ ಅಂಟಲ್ಲ. ಮುತ್ತುಗ, ಎಲಚಿ ಮೊದಲಾದ ಮರಗಳ ಮೇಲೆ ಬಾಳುವ ಸಣ್ಣ ಕೀಟವೊಂದು ಸ್ರವಿಸುವ ರಾಳ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿದಾಗ ಘರ್ಷಣೆಯ ಶಾಖದಿಂದಲೇ ಅದು ಕರಗಿ ಹರಡುತ್ತದೆ. ತಾಳೆಗರಿಯಿಂದ ಒತ್ತಿ ಉಜ್ಜಿದಾಗ ಹೊಳಪೇರುತ್ತದೆ. ದುರಸ್ತಿಯಾದ ಬಟ್ಟಲನ್ನು ಮತ್ತೆ ತಿರುಗಣೆಗೇರಿಸಬಹುದೇ? ಹಳೆಯ ಬಟ್ಟಲು ಅಸಮವಾಗಿ ಕುಗ್ಗಿ ಕೊಂಚ ಮೊಟ್ಟೆಯಾಕಾರ ತಾಳಿರುವ ಸಂಭವವುಂಟು. ಅದನ್ನು ಪುನಃ ವೃತ್ತವಾಗಿಸಲು ಹೊರಟರೆ ಎರಡು ಪಕ್ಕಗಳಲ್ಲಿ ಗೋಡೆ ತೆಳುವಾಗುತ್ತದೆ; ವೇಗವಾಗಿ ತಿರುಗುವಾಗ ಬೆಸುಗೆ ಬಿಟ್ಟರೆ ಚೂರು ಸಿಡಿದು ಕೆಲಸಗಾರನಿಗೆ ಅಪಾಯವೂ ಆಗಬಹುದು. ಆದುದರಿಂದ ಸಂದಿನ ಮೇಲೆ ಮಾತ್ರ, ಬೆಚ್ಚಗೆ ಕಾಯಿಸಿದ ಕಬ್ಬಿಣದ ಅಲಗಿನಿಂದ ಅದೇ ಬಣ್ಣದ ಅರಗನ್ನು ಸವರುವುದೇ ಕ್ಷೇಮಕರ. ಹಳೆಯ ಅರಗು ಶಾಖಕ್ಕೆ ಮೆದುವಾಗಿ ಹೊಸದರೊಡನೆ ಬೆರೆಯುತ್ತದೆ.

ಇಲ್ಲಿ ಜಪಾನಿನ ಒಡಕು ದುರಸ್ತಿಯೊಡನೆ ಹೋಲಿಕೆ ಬೋಧಪ್ರದವಾದುದು. ಅಲ್ಲಿ ಒಡೆದ ಪಾತ್ರೆಯನ್ನು ಬೆಸೆದು ಸಂದಿಗೆ ಚಿನ್ನದ ಪುಡಿ ಹಚ್ಚುವ ಕಿಂತ್ಸುಗಿ ಎಂಬ ಕ್ರಮಕ್ಕೆ ಬಳಸುವುದು ಉರುಶಿ ಎಂಬ ಮರದ ರಸ. ಅದು ತೇವವುಳ್ಳ ಗಾಳಿಯಲ್ಲಿ ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುತ್ತದೆ, ಮತ್ತೆ ಕರಗುವುದಿಲ್ಲ. ನಮ್ಮ ಅರಗಾದರೋ ಶಾಖಕ್ಕೆ ಕರಗಿ ತಣಿವಿಗೆ ಗಟ್ಟಿಯಾಗುತ್ತದೆ, ಎಷ್ಟು ಸಲವಾದರೂ. ಇದು ಅರಗಿನ ದೌರ್ಬಲ್ಯವೂ ಹೌದು, ಗುಣವೂ ಹೌದು. ಸುಮಾರು 70 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿ ಅದು ಮೆದುವಾಗುವುದರಿಂದ ಕುದಿಯುವ ಸಾರು ಅದಕ್ಕೆ ಸಲ್ಲದು. ಸೋಡದ ನೀರು ಅದನ್ನು ಕೆಡಿಸುತ್ತದೆ. ಆದರೆ ಇಂದಿನ ದುರಸ್ತಿ ತಪ್ಪಾದರೆ ನಾಳೆ ಅದನ್ನು ಬಿಚ್ಚಿ ಸರಿಪಡಿಸಲು ಸಾಧ್ಯ. ಬಿಸಿನೀರಿಗೆ ಬಿಡುವ ಮರವಜ್ರಕ್ಕೂ ಇದೇ ಗುಣವುಂಟು.

ಈ ಗುಣದ ಮಹತ್ತ್ವ ಸಂಗ್ರಹಾಲಯದಲ್ಲಿ ವಿಶೇಷವಾಗಿ ತೋರುತ್ತದೆ. ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು 1994ರಲ್ಲಿ ಸ್ಥಾಪಿಸಿದ ಜಾನಪದ ಲೋಕದಂಥ ಸಂಸ್ಥೆಗಳಲ್ಲಿ ಗೃಹೋಪಯೋಗಿ ವಸ್ತುವು ಬರಿಯ ಪಾತ್ರೆಯಲ್ಲ, ದಾಖಲೆ. ಉಳಿಯ ಗೆರೆ, ಮರದ ಜಾತಿ, ಅರಗಿನ ಪದರ, ಇವೆಲ್ಲ ಅದರ ಅಕ್ಷರಗಳು. ಎಪಾಕ್ಸಿಯಂಥ ಆಧುನಿಕ ಅಂಟು ಬಲದಲ್ಲಿಯೂ ನೀರನ್ನು ತಡೆಯುವುದರಲ್ಲಿಯೂ ಮೇಲಾದರೂ, ಒಮ್ಮೆ ಗಟ್ಟಿಯಾದರೆ ಮರಕ್ಕೆ ಹಾನಿಯಿಲ್ಲದೆ ಅದನ್ನು ತೆಗೆಯುವುದು ದುಸ್ತರ. ದಿನಬಳಕೆಯ ಬಟ್ಟಲಿಗೆ ಅದನ್ನು ಒಪ್ಪಬಹುದು. ದಾಖಲೆಯಾಗಿ ಉಳಿಯಬೇಕಾದ ಬಟ್ಟಲಿಗೆ ಒಪ್ಪಲಾಗದು. ಮರವಜ್ರದಿಂದ ಬೆಸೆದ ಬಟ್ಟಲು ಅರಿಸಿನ, ಕುಂಕುಮ, ಅಡಕೆಯಂಥ ಒಣ ಪದಾರ್ಥಗಳಿಗೆ ಮಾತ್ರ ಯೋಗ್ಯವೆಂಬುದನ್ನೂ ಮರೆಯಬಾರದು.

ಒಟ್ಟಿನಲ್ಲಿ, ಅಂಟಿನ ಬುಡ್ಡಿಗೆ ಕೈಹಾಕುವ ಮೊದಲು ಮರದ ಎಳೆಯನ್ನು ಓದಬೇಕು. ಒಡಕು ಮರದ ಜಾಡಿನಲ್ಲಿದೆಯೇ, ಅಡ್ಡಲಾಗಿದೆಯೇ. ಸಂದು ಮುಚ್ಚುವುದೇ, ಮುಚ್ಚದೇ. ಬಟ್ಟಲು ಮುಂದೆ ಬಳಕೆಗೋ, ಸಂಗ್ರಹಕ್ಕೋ: ಈ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆ ಉಳಿದುದು ಕೈಯ ಕೆಲಸ. ನಮ್ಮ ವಿದ್ಯಾರ್ಥಿಗಳು ತಮ್ಮ ಮನೆಗಳಲ್ಲಿರುವ ಒಡೆದ ಕಡೆದ ಬಟ್ಟಲುಗಳನ್ನು ಈ ಮೂರು ಪ್ರಶ್ನೆಗಳೊಡನೆ ಪರೀಕ್ಷಿಸಿ, ಹಳೆಯ ದುರಸ್ತಿಯ ಗುರುತುಗಳಿದ್ದಲ್ಲಿ ಅವನ್ನೂ ಬರೆದಿಟ್ಟರೆ, ಈ ಕೈಗಾರಿಕೆಯ ಇತಿಹಾಸಕ್ಕೆ ಅದು ಉಪಯುಕ್ತ ಸಾಮಗ್ರಿಯಾದೀತು.