ಬಿಯರಿನ ಪ್ರಭೇದಗಳು ಮತ್ತು ರುಚಿವಿವೇಚನೆ

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ವಿಂಗಡಣೆ ಬಹುಕಾಲದಿಂದ ನಡೆದುಬಂದಿದೆ. ಒಂದೇ ತೋಟದ ಕಾಯಿಯು ಎಳೆಯದೊ ಬಲಿತದ್ದೊ ಎಂಬುದನ್ನೂ ಅದನ್ನು ಸಂಸ್ಕರಿಸಿದ ಬಗೆಯನ್ನೂ ಅನುಸರಿಸಿ ಬೇರೆ ಬೇರೆ ಹೆಸರನ್ನೂ ಬೆಲೆಯನ್ನೂ ಪಡೆಯುತ್ತದೆ. ಇಷ್ಟು ಸೂಕ್ಷ್ಮವಾಗಿ ಒಂದು ಪದಾರ್ಥವನ್ನು ಪರೀಕ್ಷಿಸಬಲ್ಲ ಇದೇ ಊರು, ನೆರೆಯ ಭದ್ರಾವತಿಯೂ ಕೂಡ, ಬಿಯರಿನ ವಿಷಯದಲ್ಲಿ ಮಾತ್ರ ‘ಸ್ಟ್ರಾಂಗ್’, ‘ಮೈಲ್ಡ್’ ಎಂಬ ಎರಡೇ ಮಾತುಗಳಿಂದ ತೃಪ್ತವಾಗಿವೆ. ನಮ್ಮ ದೇಶದ ನಿಯಮದಂತೆ ನೂರಕ್ಕೆ 5 ಭಾಗದವರೆಗೆ ಮದ್ಯಸಾರವಿರುವುದು ಮೈಲ್ಡ್. ಅದನ್ನು ಮೀರಿ 8 ಭಾಗದವರೆಗಿನದು ಸ್ಟ್ರಾಂಗ್. ಇವು ಅಮಲಿನ ಅಳತೆಗಳೇ ಹೊರತು ರುಚಿಯ ಹೆಸರುಗಳಲ್ಲ. ರುಚಿಯಿಂದ ಬಿಯರನ್ನು ವಿಂಗಡಿಸುವುದು ಹೇಗೆಂಬುದನ್ನು ಇಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ. ಯಾರನ್ನೂ ಪಾನಕ್ಕೆ ಪ್ರೇರಿಸುವುದು ನಮ್ಮ ಇಚ್ಛೆಯಲ್ಲ. ಆದರೆ ಅಳತೆಯೊಂದೇ ಗೊತ್ತಿರುವವನು ಅಳತೆಯನ್ನೇ ಹೆಚ್ಚಿಸಿಕೊಳ್ಳುತ್ತ ಹೋಗುತ್ತಾನೆಂಬುದನ್ನು ನಾವೆಲ್ಲರೂ ಕಂಡಿದ್ದೇವೆ.

ಬಿಯರಿಗೆ ಮೂಲವಾದದ್ದು ಮೊಳಕೆ ಬರಿಸಿದ ಧಾನ್ಯ, ಸಾಮಾನ್ಯವಾಗಿ ಬಾರ್ಲಿ. ಇದರ ತತ್ತ್ವ ನಮ್ಮ ಮನೆಗಳಿಗೆ ಹೊಸದಲ್ಲ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆಯೊಡೆದ ಮೇಲೆ ಒಣಗಿಸಿ ಬೀಸಿದ ಹಿಟ್ಟಿನಿಂದ ಮಗುವಿಗೆ ಗಂಜಿ ಕಾಯಿಸಿದರೆ ಅದು ಬರಿಯ ರಾಗಿಹಿಟ್ಟಿನ ಗಂಜಿಗಿಂತ ತೆಳ್ಳಗೂ ಸಿಹಿಯಾಗಿಯೂ ಇರುತ್ತದೆ. ಮೊಳಕೆಯಲ್ಲಿ ಹುಟ್ಟಿದ ಕಿಣ್ವಗಳು ಪಿಷ್ಟವನ್ನು ಒಡೆದು ಸಕ್ಕರೆಯಾಗಿಸುವುದೇ ಇದಕ್ಕೆ ಕಾರಣ. ಸಿಕ್ಕಿಂ, ಡಾರ್ಜಿಲಿಂಗ್ ಪ್ರಾಂತಗಳಲ್ಲಿ ರಾಗಿಯಿಂದಲೇ ಒಂದು ಬಗೆಯ ಬಿಯರನ್ನು ತಯಾರಿಸಿ, ಬಿದಿರಿನ ಪಾತ್ರೆಗೆ ಬಿಸಿನೀರೆರೆದು ಕೊಳವೆಯಿಂದ ಹೀರುತ್ತಾರೆ. ಮೊಳಕೆಯ ಧಾನ್ಯವನ್ನು ಎಷ್ಟು ಹುರಿದರೆಂಬುದು ಬಣ್ಣವನ್ನು ನಿಶ್ಚಯಿಸುತ್ತದೆ. ನಸುವಾಗಿ ಒಣಗಿಸಿದ್ದು ಹೊಂಬಣ್ಣದ ಪಿಲ್ಸ್ನರ್ ಆಗುತ್ತದೆ. ಕಪ್ಪಾಗುವಂತೆ ಹುರಿದದ್ದು ಸ್ಟೌಟ್‌ಗೆ ಕಾಫಿಯ ಕಂಪನ್ನೂ ಕಹಿಯನ್ನೂ ಕೊಡುತ್ತದೆ. ಕಪ್ಪು ಬಿಯರೆಲ್ಲ ಹೆಚ್ಚು ಅಮಲಿನದೆಂಬ ಭಾವನೆ ತಪ್ಪು. ಬಣ್ಣಕ್ಕೂ ಮದ್ಯಸಾರಕ್ಕೂ ಸಂಬಂಧವಿಲ್ಲ.

ಎರಡನೆಯದು ಯೀಸ್ಟು. ಪ್ರಭೇದಗಳ ನಿಜವಾದ ಗುಟ್ಟು ಇರುವುದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ. ಏಲ್ ಎಂಬ ವರ್ಗದ ಬಿಯರು ಸುಮಾರು 15ರಿಂದ 24 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಹುದುಗುತ್ತದೆ. ಲಾಗರ್ ವರ್ಗದ್ದು 7ರಿಂದ 13 ಡಿಗ್ರಿಯ ಚಳಿಯಲ್ಲಿ ನಿಧಾನವಾಗಿ ಹುದುಗಿ, ಮತ್ತೆ ಕೆಲವು ವಾರ ತಣ್ಣಗೆ ಮಾಗುತ್ತದೆ. ಬೆಚ್ಚಗೆ ಹುದುಗುವಾಗ ಯೀಸ್ಟು ಹಣ್ಣಿನ ಪರಿಮಳದ ಎಸ್ಟರುಗಳನ್ನು ಹೆಚ್ಚಾಗಿ ಬಿಡುತ್ತದೆ. ಜರ್ಮನಿಯ ಗೋಧಿ ಬಿಯರಿನಲ್ಲಿ ಬಾಳೆಹಣ್ಣು, ಲವಂಗಗಳ ವಾಸನೆ ಬರುವುದು ಹೀಗೆಯೇ. ಯಾರೂ ಅವನ್ನು ಬೆರೆಸಿರುವುದಿಲ್ಲ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಎಮಿಲ್ ಹ್ಯಾನ್ಸೆನ್ 1883ರಲ್ಲಿ ಯೀಸ್ಟಿನ ಒಂದೇ ಕೋಶದಿಂದ ಶುದ್ಧ ತಳಿಯನ್ನು ಬೆಳೆಸಿದನು. ಅಲ್ಲಿಂದ ಮುಂದೆ ಪ್ರತಿಸಲವೂ ಒಂದೇ ರುಚಿಯನ್ನು ಪಡೆಯುವುದು ಸಾಧ್ಯವಾಯಿತು. ಲಾಗರಿನ ಯೀಸ್ಟು ಒಂದು ಸಂಕರ ಜೀವಿ. ಅದರ ಚಳಿಸಹಿಷ್ಣುವಾದ ಕಾಡುಜನಕವನ್ನು ಪ್ಯಾಟಗೋನಿಯಾದ ಅರಣ್ಯಗಳಲ್ಲಿ ಗುರುತಿಸಿದ ವರದಿ 2011ರಲ್ಲಿ ಪ್ರಕಟವಾಯಿತು.

ಕಹಿಯನ್ನು ಕೊಡುವುದು ಹಾಪ್ ಬಳ್ಳಿಯ ಹೂ. ಅದು ಬಿಯರು ಕೆಡದಂತೆಯೂ ಕಾಪಾಡುತ್ತದೆ. ಹದಿನೆಂಟನೆಯ ಶತಮಾನದ ಕೊನೆಯಿಂದ ಇಂಗ್ಲೆಂಡು ಭಾರತಕ್ಕೆ ಹಡಗಿನಲ್ಲಿ ಕಳುಹಿಸುತ್ತಿದ್ದ, ಹಾಪ್ ಹೆಚ್ಚಾಗಿದ್ದ ಏಲ್‌ಗೆ ಮುಂದೆ ‘ಇಂಡಿಯಾ ಪೇಲ್ ಏಲ್’ ಎಂಬ ಹೆಸರು ನಿಂತಿತು. ನಮ್ಮ ದೇಶದ ಹೆಸರನ್ನು ಹೊತ್ತ ಈ ಪ್ರಭೇದ ನಮ್ಮ ಜಿಲ್ಲೆಯಲ್ಲಿ ಅಪರಿಚಿತವಾಗಿರುವುದು ವಿನೋದವೇ ಸರಿ. ಇನ್ನು ನೀರು. ‘ತುಂಗಾ ಪಾನ, ಗಂಗಾ ಸ್ನಾನ’ ಎನ್ನುವ ನಾಡಿನವರಿಗೆ ನೀರಿಗೂ ರುಚಿಯುಂಟೆಂದು ಹೇಳಬೇಕಾಗಿಲ್ಲ. ಜಿಪ್ಸಮ್ಮಿನ ಅಂಶವುಳ್ಳ ಬರ್ಟನ್ ನಗರದ ನೀರು ಏಲ್‌ನ ಕಹಿಯನ್ನು ಚುರುಕುಗೊಳಿಸಿತು. 1842ರಲ್ಲಿ ಪಿಲ್ಸೆನ್ನಿನಲ್ಲಿ ಹುಟ್ಟಿದ ಲಾಗರಿಗೆ ಅಲ್ಲಿನ ಅತಿ ಮೃದುವಾದ ನೀರು ನಯವನ್ನಿತ್ತಿತು.

ಪರೀಕ್ಷಿಸುವವನು ಮೊದಲು ಬಣ್ಣ ನೊರೆಗಳನ್ನು ನೋಡಿ, ಬಳಿಕ ಮೂಸಿ, ಕೊನೆಗೆ ಸ್ವಲ್ಪವೇ ಗುಟುಕರಿಸಬೇಕು. ಅತಿಯಾಗಿ ತಣಿಸಿದರೆ ಪರಿಮಳ ಏಳದು. ನಮ್ಮಲ್ಲಿ ಮಂಜಿನಂತೆ ತಣ್ಣಗಿರುವುದನ್ನೇ ಗುಣವೆಂದು ಭಾವಿಸುವುದರಿಂದ ದೋಷಗಳೂ ಅಡಗಿಹೋಗುತ್ತವೆ. ಬಿಸಿಲು ತಗುಲಿದ ಬಿಯರಿನ ದುರ್ವಾಸನೆ ಅಂಥದೊಂದು ದೋಷ. ಬಾಟಲಿಗೆ ಕಂದು ಗಾಜನ್ನು ಬಳಸುವುದು ಇದಕ್ಕಾಗಿಯೇ. ಬೆಣ್ಣೆಯ ವಾಸನೆ ಮತ್ತೊಂದು. ಅನುಭವವನ್ನು ಹೇಳಲು ಕನ್ನಡದಲ್ಲಿ ಪದಗಳಿಗೆ ಕೊರತೆಯಿಲ್ಲ: ಒಗರು, ಕನರು, ಘಾಟು, ಕಮಟು, ಹುಳಿ, ಕಹಿ. ಅಡಿಕೆಯ ಒಗರನ್ನು ಬಲ್ಲ ನಾಲಗೆಗೆ ಹಾಪ್ ಹೂವಿನ ಕಹಿ ಬೇರೆ, ಸುಟ್ಟ ಬಾರ್ಲಿಯ ಕಹಿ ಬೇರೆ ಎಂದು ತಿಳಿಯುವುದು ಕಷ್ಟವಲ್ಲ. ಬೆಂಗಳೂರಿನಲ್ಲಿ 2010ರ ಆಸುಪಾಸಿನಿಂದ ಸ್ಥಳದಲ್ಲೇ ಬಿಯರು ತಯಾರಿಸುವ ಪಾನಗೃಹಗಳು ಹೆಚ್ಚಿದ ಮೇಲೆ ಈ ಭೇದಗಳು ಅಲ್ಲಿಯವರ ಮಾತಿನಲ್ಲಿ ಸೇರತೊಡಗಿವೆ.

ಆದರೆ ನಾಲಗೆಯ ಸಾಮರ್ಥ್ಯಕ್ಕೂ ಒಂದು ಮೇರೆಯುಂಟು. ಅದನ್ನು ತಿಳಿಸಲು ಭದ್ರಾವತಿಗಿಂತ ತಕ್ಕ ಊರಿಲ್ಲ. 1923ರಲ್ಲಿ ಕೆಲಸ ಆರಂಭಿಸಿದ ಅಲ್ಲಿನ ಕಬ್ಬಿಣದ ಕಾರ್ಖಾನೆಯು ಕುಲುಮೆಗೆ ಬೇಕಾದ ಇದ್ದಿಲಿಗಾಗಿ ಮಲೆನಾಡಿನ ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸುತ್ತಿತ್ತು. ಹೊರಟ ಆವಿಯನ್ನು ತಣಿಸಿದಾಗ ಟಾರಿನೊಡನೆ ಮರದ ಮದ್ಯಸಾರ, ಎಂದರೆ ಮೆಥನಾಲ್, ದೊರೆಯುತ್ತಿತ್ತು. ಅದು ಕೈಗಾರಿಕೆಗೆ ಉಪಯುಕ್ತ, ದೇಹಕ್ಕೆ ವಿಷ. ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಕೆಡಿಸುತ್ತದೆ, ಪ್ರಾಣವನ್ನೂ ತೆಗೆಯುತ್ತದೆ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿಯಿಂದ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಧಾನ್ಯ ಹುದುಗಿದಾಗ ಈ ವಿಷ ಹುಟ್ಟುವುದು ಅತ್ಯಲ್ಪ. ಕಳ್ಳಮದ್ಯದಲ್ಲಿ ಅದು ಕಾಣಬರುವುದು ಬಹುಮಟ್ಟಿಗೆ ಮನುಷ್ಯರು ಬೆರೆಸಿದ್ದರಿಂದ. ಬೆರೆತದ್ದನ್ನು ವಾಸನೆಯಿಂದಾಗಲಿ ರುಚಿಯಿಂದಾಗಲಿ ಎಥನಾಲಿನಿಂದ ಬೇರ್ಪಡಿಸಿ ಹೇಳಲಾಗದು. ಅದು ಪ್ರಯೋಗಶಾಲೆಯ ಕೆಲಸ.