ಸ್ವಯಂಚಾಲಿತ ಕೈಗಾರಿಕಾ ಘಟಕಗಳಲ್ಲಿ ವಿದ್ಯುತ್ ಮತ್ತು ಮಾಪನ ಉಪಕರಣ ಕಾಮಗಾರಿಗಳ ಸಮನ್ವಯ

ಸ್ವಯಂಚಾಲಿತ ಘಟಕಗಳಲ್ಲಿ ಮೋಟಾರು, ಪ್ಯಾನೆಲ್ ಹಾಗೂ ವಿದ್ಯುತ್ ಕೇಬಲ್‌ಗಳನ್ನು ಒಬ್ಬ ಗುತ್ತಿಗೆದಾರರೂ, ಸಂವೇದಕ ಹಾಗೂ ನಿಯಂತ್ರಕಗಳನ್ನು ಮತ್ತೊಬ್ಬರೂ ಅಳವಡಿಸುವುದು ರೂಢಿಯಲ್ಲಿದೆ. ಇವರಲ್ಲಿ ಸಮನ್ವಯವಿಲ್ಲದಿದ್ದಲ್ಲಿ ದುರಸ್ತಿಯಲ್ಲಿರುವ ಯಂತ್ರವು ದೂರದ ಆದೇಶದಿಂದ ಚಾಲನೆಗೊಂಡು ಕಾರ್ಮಿಕರ ಪ್ರಾಣಕ್ಕೆ ಅಪಾಯವಾಗಬಹುದು. ಆದುದರಿಂದ ಘಟಕದ ಮಾಲೀಕರು ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ನಕ್ಷೆ: ಪ್ರತಿಯೊಂದು ಮೋಟಾರಿನ ಚಾಲನೆ, ನಿಲುಗಡೆ ಹಾಗೂ ದೋಷ ಸಂಕೇತಗಳು ಯಾವ ಪ್ಯಾನೆಲ್‌ನಿಂದ ಯಾವ ನಿಯಂತ್ರಕಕ್ಕೆ ತಲುಪುತ್ತವೆ ಎಂಬುದನ್ನು ಉಭಯರೂ ಒಪ್ಪಿದ ಒಂದೇ ಪಟ್ಟಿಯಲ್ಲಿ ನಮೂದಿಸತಕ್ಕದ್ದು.

2. ಕೇಬಲ್ ಮಾರ್ಗ: ಮಾಪನ ಸಂಕೇತಗಳು ಸಾಮಾನ್ಯವಾಗಿ 4ರಿಂದ 20 ಮಿಲಿಆಂಪಿಯರ್‌ನಷ್ಟು ಮಾತ್ರ ಇರುತ್ತವೆ. ಪಕ್ಕದ ವಿದ್ಯುತ್ ಕೇಬಲ್‌ನ ಪ್ರಭಾವದಿಂದ ಅಳತೆ ತಪ್ಪಬಹುದಾದ್ದರಿಂದ ಇವುಗಳಿಗೆ ಪ್ರತ್ಯೇಕ ಟ್ರೇ ಅವಶ್ಯಕ. ಅಡ್ಡ ಹಾಯಲೇಬೇಕಾದಲ್ಲಿ ಲಂಬಕೋನದಲ್ಲಿ ಹಾಯಿಸತಕ್ಕದ್ದು.

3. ಭೂಸಂಪರ್ಕ: ಸುರಕ್ಷತಾ ಭೂಸಂಪರ್ಕವು ಭಾರತೀಯ ಮಾನಕ ಐ.ಎಸ್. 3043ಕ್ಕೆ ಅನುಗುಣವಾಗಿರತಕ್ಕದ್ದು. ಮಾಪನ ಸಂಕೇತ ಕೇಬಲ್‌ನ ಲೋಹದ ಕವಚವನ್ನು ಸಾಮಾನ್ಯವಾಗಿ ಒಂದೇ ತುದಿಯಲ್ಲಿ ಭೂಸಂಪರ್ಕಗೊಳಿಸಲಾಗುತ್ತದೆ.

4. ಜಂಟಿ ಪರೀಕ್ಷೆ: ಯಂತ್ರ ಚಾಲನೆಗೆ ಮುನ್ನ ಪ್ರತಿ ಸಂಕೇತವನ್ನೂ, ತುರ್ತು ನಿಲುಗಡೆ ಗುಂಡಿಯನ್ನೂ ಉಭಯ ಗುತ್ತಿಗೆದಾರರ ಸಮ್ಮುಖದಲ್ಲಿ ಪರೀಕ್ಷಿಸಿ ಸಹಿ ಪಡೆಯುವುದು ಸೂಕ್ತ. ದುರಸ್ತಿ ವೇಳೆ ನಿಯಂತ್ರಕದ ನಿಲುಗಡೆಯನ್ನು ಮಾತ್ರ ನಂಬದೆ, ಮುಖ್ಯ ಸ್ವಿಚ್ಚನ್ನು ಬಂದ್ ಮಾಡಿ ಬೀಗ ಹಾಕತಕ್ಕದ್ದು.

5. ಅನುಮೋದನೆ: ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರದ 2023ರ ಸುರಕ್ಷತಾ ವಿನಿಯಮಗಳನ್ವಯ, ಅಧಿಸೂಚಿತ ವೋಲ್ಟೇಜ್‌ಗಿಂತ ಹೆಚ್ಚಿನ ಸ್ಥಾವರಗಳಿಗೆ ವಿದ್ಯುತ್ ಪರಿವೀಕ್ಷಕರ ಪರಿವೀಕ್ಷಣೆ ಕಡ್ಡಾಯವಾಗಿರುತ್ತದೆ. ಅರ್ಜಿಯೊಂದಿಗೆ ಸಲ್ಲಿಸುವ ನಕ್ಷೆಯು ಸ್ಥಳದಲ್ಲಿನ ವಾಸ್ತವ ಕಾಮಗಾರಿಗೆ ಹೊಂದಿಕೆಯಾಗುವಂತೆ ಅರ್ಜಿದಾರರು ಮುಂಚಿತವಾಗಿ ಖಾತರಿಪಡಿಸಿಕೊಳ್ಳತಕ್ಕದ್ದು.