ಬಾಗಿಲಾಚೆಯ ಓದು: ಧರ್ಮಗ್ರಂಥಗಳು ಮತ್ತು ಹೊರಗಿನವರು

1

ಒಂದು ಧರ್ಮದ ಗ್ರಂಥವನ್ನು ಹೊರಗಿನವರು ಓದಿ ಮಾತಾಡಿದ ಕೂಡಲೆ ಒಂದು ಉತ್ತರ ಸಿದ್ಧವಾಗಿ ಬಂದುಬಿಡುತ್ತದೆ: 'ಅದು ನಿಮಗೆ ಅರ್ಥವಾಗೋದಿಲ್ಲ, ಒಳಗಿದ್ದು ಬದುಕಿದವರಿಗೆ ಮಾತ್ರ ಗೊತ್ತು.' ಎಂ.ಎ. ಓದುವಾಗ ಈ ಮಾತನ್ನು ಕೇಳಿದ್ದೆ. ಈಗ ಪಾಠ ಮಾಡುವ ಕಾಲೇಜಿನ ಅಧ್ಯಾಪಕರ ಕೋಣೆಯಲ್ಲೂ ಕೇಳುತ್ತಿದ್ದೇನೆ. ಇದಕ್ಕೆ ಎದುರಾಗಿ ನಮ್ಮ ಕಾರ್ಯಕರ್ತರ ಶಿಬಿರಗಳಲ್ಲಿ ಇನ್ನೊಂದು ಮಾತು ಇದೆ: 'ಅವರ ಪುಸ್ತಕ ನಮಗ್ಯಾಕೆ ಸಾರ್, ಬಾಬಾಸಾಹೇಬರು ಸುಟ್ಟಾಯ್ತಲ್ಲ?' ಮೊದಲನೆಯದು ಓದಬೇಡ ಅನ್ನುತ್ತದೆ. ಎರಡನೆಯದು ಓದುವ ಅಗತ್ಯವಿಲ್ಲ ಅನ್ನುತ್ತದೆ. ಎರಡರಿಂದಲೂ ಗ್ರಂಥ ಮಾತ್ರ ಇದ್ದ ಜಾಗದಲ್ಲೇ ಭದ್ರವಾಗಿ ಕೂತಿರುತ್ತದೆ.

1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಮನುಸ್ಮೃತಿಯನ್ನು ಸುಟ್ಟದ್ದು ನಿಜ. ಆದರೆ ಸುಟ್ಟ ಮೇಲೂ ಅಂಬೇಡ್ಕರ್ ಅದನ್ನು ಓದುವುದನ್ನು ಬಿಡಲಿಲ್ಲ. ಅವರು ಶಾಸ್ತ್ರಗ್ರಂಥಗಳ ಬಗ್ಗೆ ಬರೆದ ದೊಡ್ಡ ಪುಸ್ತಕಗಳೆಲ್ಲ ಮಹಾಡದ ನಂತರ ಬಂದವು. ಸುಡುವುದು ಒಂದು ಸಾರ್ವಜನಿಕ ಘೋಷಣೆ, ಓದುವುದು ದೀರ್ಘಕಾಲದ ಕೆಲಸ. ಒಂದು ಇನ್ನೊಂದರ ಬದಲಿಗೆ ಬರುವಂಥದಲ್ಲ.

ನಾನಿಲ್ಲಿ ಹೇಳಲು ಹೊರಟಿರುವುದು ಇಷ್ಟು: 'ಹೊರಗಿನವನು' ಎಂಬುದು ಒಂದೇ ಸ್ಥಾನವಲ್ಲ. ಆಳುವ ಸ್ಥಾನದಲ್ಲಿ ನಿಂತು ಓದುವ ಹೊರಗಿನವನಿದ್ದಾನೆ. ಬಾಗಿಲು ಹಾಕಿಸಿಕೊಂಡು ಆಚೆ ನಿಂತು ಓದುವವನಿದ್ದಾನೆ. ಇರಲು ಮನೆ ಹುಡುಕುತ್ತಾ ಓದುವವನಿದ್ದಾನೆ. ಈ ಮೂವರ ಓದನ್ನು ಬೇರೆ ಬೇರೆಯಾಗಿ ನೋಡದೆ 'ಹೊರಗಿನವರು ಓದಬಹುದೇ' ಅಂತ ಕೇಳುವುದರಲ್ಲಿ ಅರ್ಥವಿಲ್ಲ.

2

ಮೊದಲು ಆಳುವವನ ಓದು. 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಬಂಗಾಳದಲ್ಲಿ ನ್ಯಾಯದಾನದ ಯೋಜನೆ ಮಾಡಿದಾಗ, ಮದುವೆ, ವಾರಸು, ಜಾತಿ ಮೊದಲಾದ ವಿಷಯಗಳಲ್ಲಿ ಹಿಂದೂಗಳಿಗೆ ಶಾಸ್ತ್ರದ ಪ್ರಕಾರ, ಮುಸ್ಲಿಮರಿಗೆ ಕುರ್‌ಆನಿನ ಪ್ರಕಾರ ತೀರ್ಪು ಕೊಡಬೇಕೆಂದು ಗೊತ್ತುಮಾಡಿದ. ಶಾಸ್ತ್ರ ಏನು ಹೇಳುತ್ತದೆಂದು ಇಂಗ್ಲಿಷ್ ನ್ಯಾಯಾಧೀಶನಿಗೆ ತಿಳಿಯಬೇಕಲ್ಲ? ಕಲ್ಕತ್ತೆಯ ನ್ಯಾಯಾಧೀಶ ವಿಲಿಯಂ ಜೋನ್ಸ್ ಪಂಡಿತರಿಂದ ಸಂಸ್ಕೃತ ಕಲಿತು, ಕುಲ್ಲೂಕನ ವ್ಯಾಖ್ಯಾನವನ್ನು ಇಟ್ಟುಕೊಂಡು ಮನುಸ್ಮೃತಿಯನ್ನು ಇಂಗ್ಲಿಷಿಗೆ ತಂದ. ಅದು 1794ರಲ್ಲಿ ಪ್ರಕಟವಾಯಿತು.

ಇದರ ಪರಿಣಾಮ ಗಮನಿಸಬೇಕು. ಊರೂರಲ್ಲಿ ಜಾತಿ ಪಂಚಾಯಿತಿಗಳು ತಮ್ಮ ತಮ್ಮ ರೂಢಿಯ ಪ್ರಕಾರ ನ್ಯಾಯ ತೀರ್ಮಾನ ಮಾಡಿಕೊಳ್ಳುತ್ತಿದ್ದವು. ಮನುವಿನ ಹೆಸರನ್ನೇ ಕೇಳದಿದ್ದ ಎಷ್ಟೋ ಜನರಿದ್ದರು. ಅಂಥವರ ತಲೆಯ ಮೇಲೂ ಈ ಪುಸ್ತಕ ಈಗ ಸರ್ಕಾರದ ಮೊಹರಿನೊಂದಿಗೆ ಬಂದು ಕೂತಿತು. ಜೋನ್ಸ್ ಶ್ರದ್ಧೆಯಿಲ್ಲದೆ ಓದಿದವನಲ್ಲ, ಕೀಳಾಗಿ ಓದಿದವನೂ ಅಲ್ಲ. ಆದರೆ ಅವನ ಓದಿಗೆ ಅಧಿಕಾರ ಅಂಟಿಕೊಂಡಿತ್ತು, ಪಕ್ಕದಲ್ಲಿ ಪಂಡಿತ ಕೂತಿದ್ದ. ಹೊರಗಿನವನು ಓದಿದ್ದರಿಂದ ಗ್ರಂಥದ ಬಲ ಕುಗ್ಗಲಿಲ್ಲ, ಹೆಚ್ಚಿತು.

ಈ ಓದಿನಿಂದ ಬೇರೊಂದು ಫಲವೂ ಬಂತು. ಭಾರತಕ್ಕೆ ಒಮ್ಮೆಯೂ ಬಾರದ ಮ್ಯಾಕ್ಸ್ ಮುಲ್ಲರ್ 1849ರಿಂದ 1874ರವರೆಗೆ ಸಾಯಣಭಾಷ್ಯ ಸಮೇತ ಋಗ್ವೇದವನ್ನು ಅಚ್ಚು ಮಾಡಿಸಿದ. ಸಾಯಣ ನಮ್ಮ ವಿಜಯನಗರದ ಅರಸರ ಆಶ್ರಯದಲ್ಲಿ ಕೂತು ಆ ಭಾಷ್ಯ ಬರೆದವನು. ಹಂಪಿಯ ಸುತ್ತ ಗೇಯುತ್ತಿದ್ದ ಹೊಲೆಮಾದಿಗರಿಗೆ ಅದರ ಒಂದು ಅಕ್ಷರವೂ ಮುಟ್ಟುವಂತಿರಲಿಲ್ಲ. ಮುಲ್ಲರ್ ಸಂಪಾದಿಸಿದ ಪೂರ್ವದೇಶಗಳ ಪವಿತ್ರಗ್ರಂಥಗಳ ಮಾಲೆ 1879ರಿಂದ 1910ರವರೆಗೆ 50 ಸಂಪುಟಗಳಲ್ಲಿ ಬಂತು. ಕೇಳಿದರೆ ಶಿಕ್ಷೆ ಅನ್ನುತ್ತಿದ್ದ ಮಾತು ಪುಸ್ತಕದಂಗಡಿಯಲ್ಲಿ ಬೆಲೆ ಕೊಟ್ಟರೆ ಸಿಗುವಂತಾಯಿತು. ನಮ್ಮನ್ನು ಉದ್ಧಾರ ಮಾಡಬೇಕೆಂದು ಯಾರೂ ಇದನ್ನು ಮಾಡಲಿಲ್ಲ. ಆದರೂ ಆ ಸಂದಿಯಿಂದಲೇ ನಮ್ಮವನೊಬ್ಬ ಒಳಗೆ ನೋಡಿದ.

3

ಎರಡನೆಯವನು ಬಾಗಿಲು ಹಾಕಿಸಿಕೊಂಡವನು. ವೇದ ಕೇಳಿದ ಶೂದ್ರನ ಕಿವಿಗೆ ಲೋಹ, ಅರಗು ಕಾಸಿ ಹುಯ್ಯಬೇಕೆಂದು ಗೌತಮ ಧರ್ಮಸೂತ್ರ ಹೇಳುತ್ತದೆ. ಹಾಗೆ ನಿಜಕ್ಕೂ ಎಷ್ಟು ಜನರ ಕಿವಿಗೆ ಹುಯ್ದರು ಅನ್ನುವುದು ಬೇರೆ ಪ್ರಶ್ನೆ. ಆದರೆ ಈ ಮಾತು ಮೂಲೆಯಲ್ಲಿ ಮರೆತುಹೋದ ಮಾತಲ್ಲ. ಬ್ರಹ್ಮಸೂತ್ರದ ಅಪಶೂದ್ರಾಧಿಕರಣಕ್ಕೆ ಭಾಷ್ಯ ಬರೆಯುವಾಗ ಶಂಕರಾಚಾರ್ಯರು ಇದನ್ನೇ ಪ್ರಮಾಣವಾಗಿ ಎತ್ತಿಕೊಳ್ಳುತ್ತಾರೆ. ಶೂದ್ರನಿಗೆ ವೇದದ ಮೂಲಕ ಜ್ಞಾನದ ಅಧಿಕಾರವಿಲ್ಲ, ಇತಿಹಾಸ ಪುರಾಣ ಕೇಳಬಹುದು ಅನ್ನುತ್ತಾರೆ. ಆತ್ಮ ಒಂದೇ ಎಂದು ಸಾರುವ ಭಾಷ್ಯದಲ್ಲೇ ಈ ಬೇಲಿಯೂ ಇದೆ. ರಾಮಾನುಜ, ಮಧ್ವರ ತತ್ವ ಬೇರೆ ಬೇರೆಯಾದರೂ ಈ ವಿಷಯದಲ್ಲಿ ಒಮ್ಮತ. ಇದು ಶೂದ್ರನ ಗತಿ. ಅವನಿಗಿಂತಲೂ ಆಚೆ ಇದ್ದ ಅಸ್ಪೃಶ್ಯನ ಗತಿಯನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲೊಂದು ವಿಚಿತ್ರ ಇದೆ. ಗ್ರಂಥ ನಮ್ಮ ಬಗ್ಗೆ ಮಾತಾಡುತ್ತದೆ, ನಮ್ಮೊಂದಿಗೆ ಮಾತಾಡುವುದಿಲ್ಲ. ಚಂಡಾಲ ಎಲ್ಲಿ ಇರಬೇಕು, ಯಾವ ಪಾತ್ರೆಯಲ್ಲಿ ಉಣ್ಣಬೇಕು, ಯಾರ ಬಟ್ಟೆ ಉಡಬೇಕು ಎಂಬುದೆಲ್ಲ ಮನುವಿನ ಹತ್ತನೆಯ ಅಧ್ಯಾಯದಲ್ಲಿ ಬರೆದಿದೆ. ಆದರೆ ಅದನ್ನು ಓದಬೇಕಾದವನು ಚಂಡಾಲನಲ್ಲ. ಓದಲು ಹೋದರೆ ನಾವು ಹೊರಗಿನವರು, ಪಾಲಿಸುವಾಗ ಮಾತ್ರ ಒಳಗಿನವರು. ಆದ್ದರಿಂದ 'ಒಳಗಿದ್ದು ಬದುಕಿದವರಿಗೆ ಮಾತ್ರ ಅರ್ಥವಾಗುತ್ತದೆ' ಅನ್ನುವವರಿಗೆ ನನ್ನ ಉತ್ತರ ಇಷ್ಟೇ: ಈ ಗ್ರಂಥದ ಕೆಳಗೆ ಬದುಕಿದವರು ನಾವು. ಹೊರೆಯ ತೂಕ ಹೊತ್ತವನಿಗೆ ಗೊತ್ತಿರುತ್ತದೆ, ಹೊರಿಸಿದವನಿಗಲ್ಲ.

ಭಾಷೆಯ ಆಕ್ಷೇಪವೂ ಒಂದಿದೆ. ಶಾಲೆಯಲ್ಲಿ ಸಂಸ್ಕೃತ ಕಲಿಯುವ ಅವಕಾಶ ಅಂಬೇಡ್ಕರರಿಗೆ ಸಿಗಲಿಲ್ಲ. ಅಸ್ಪೃಶ್ಯ ಹುಡುಗನಿಗೆ ಕಲಿಸಲು ಶಿಕ್ಷಕರು ಒಪ್ಪದೆ ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. ಮುಂದೆ ಸ್ವಂತ ಶ್ರಮದಿಂದ ಸಂಸ್ಕೃತ ಕಲಿತರೂ ಅವರು ಪಾಂಡಿತ್ಯದ ಹೆಮ್ಮೆ ಕೊಚ್ಚಿಕೊಳ್ಳಲಿಲ್ಲ. 1946ರ 'ಶೂದ್ರರು ಯಾರು?' ಪುಸ್ತಕದ ಮುನ್ನುಡಿಯಲ್ಲಿ ಈ ಪ್ರಶ್ನೆಯನ್ನು ತಾವೇ ಎತ್ತಿಕೊಂಡು, ಹದಿನೈದು ವರ್ಷ ಇಂಗ್ಲಿಷ್ ಅನುವಾದಗಳಲ್ಲಿ ಈ ಸಾಹಿತ್ಯವನ್ನು ಓದಿದವನಿಗೆ ಮಾತಾಡುವ ಅರ್ಹತೆ ಬಂದೇ ಬರುತ್ತದೆಂದು ವಾದಿಸುತ್ತಾರೆ. ಬಾಗಿಲು ಮುಚ್ಚಿದವರೇ 'ನಿನಗೆ ಒಳಗಿನದು ಗೊತ್ತಿಲ್ಲ' ಅಂದರೆ ಅದು ವಿದ್ವತ್ತಿನ ಆಕ್ಷೇಪವಲ್ಲ. ಬೀಗ ಹಾಕಿದವನು ಬೀಗವನ್ನೇ ಸಾಕ್ಷಿಗೆ ಕರೆದಂತೆ.

4

ಈ ವಾಗ್ವಾದದ ತಿರುಳು ಸಿಗುವುದು 1936ರಲ್ಲಿ. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಅಂಬೇಡ್ಕರರನ್ನು ಅಧ್ಯಕ್ಷತೆಗೆ ಕರೆದು, ಭಾಷಣದ ಪ್ರತಿ ನೋಡಿ ಹೆದರಿ, ವೇದಗಳ ಬಗೆಗಿನ ಮಾತುಗಳನ್ನು ತೆಗೆಯಬೇಕೆಂದಿತು. ಅವರು ಒಪ್ಪಲಿಲ್ಲ. ಸಮ್ಮೇಳನ ರದ್ದಾಯಿತು. 'ಜಾತಿ ವಿನಾಶ' ಅವರ ಸ್ವಂತ ಖರ್ಚಿನಲ್ಲಿ ಅಚ್ಚಾಯಿತು.

ಅದಕ್ಕೆ ಗಾಂಧೀಜಿ 'ಹರಿಜನ' ಪತ್ರಿಕೆಯಲ್ಲಿ ಪ್ರತಿಕ್ರಿಯೆ ಬರೆದರು. ಅವರ ವಾದದ ಸಾರ ಹೀಗಿದೆ: ಅಂಬೇಡ್ಕರ್ ಆಯ್ದ ಮಾತುಗಳೆಲ್ಲ ಅಧಿಕೃತವಲ್ಲ. ಸ್ಮೃತಿಗಳಲ್ಲಿ ಆಮೇಲೆ ಸೇರಿಸಿದ್ದು ಬೇಕಾದಷ್ಟಿದೆ. ವಿವೇಕಕ್ಕೆ ಒಪ್ಪದ್ದು ದೇವರ ಮಾತಾಗಲಾರದು. ಧರ್ಮ ಬದುಕುವುದು ಪಂಡಿತರಿಂದಲ್ಲ, ಸಂತರ ಅನುಭವದಿಂದ. ಅದನ್ನು ಅಳೆಯಬೇಕಾದ್ದು ಅದರ ಉತ್ತಮ ಮಾದರಿಗಳಿಂದ, ಕೆಟ್ಟವುಗಳಿಂದಲ್ಲ.

ಇದು ಹಗುರವಾದ ವಾದವಲ್ಲ. ಅಂಬೇಡ್ಕರ್ ಕೊಟ್ಟ ಉತ್ತರ ನೇರವಾಗಿದೆ. ಯಾವುದು ಮೂಲ, ಯಾವುದು ಪ್ರಕ್ಷಿಪ್ತ ಎಂಬ ವ್ಯತ್ಯಾಸ ಜನಸಾಮಾನ್ಯರಿಗೆ ಗೊತ್ತಿಲ್ಲ. ಶಾಸ್ತ್ರ ಹೀಗೆ ಹೇಳುತ್ತದೆ ಅಂತ ಅವರಿಗೆ ಹೇಳಿಕೊಟ್ಟಿದ್ದಾರೆ, ಅದರ ಪ್ರಕಾರ ಅವರು ನಡೆಯುತ್ತಾರೆ. ಸಂತರನ್ನು ಜನ ಪೂಜಿಸುತ್ತಾರೆ, ಅನುಸರಿಸುವುದಿಲ್ಲ. ಸಂತ ಜಾತಿ ಮುರಿಯಬಹುದು, ನೀನು ಮುರಿಯಬಾರದು ಅಂತ ಅವರಿಗೆ ಕಲಿಸಿದೆ. ಅಂದರೆ ಗಾಂಧೀಜಿ ಗ್ರಂಥ ಏನಾಗಬಲ್ಲದು ಎಂಬುದನ್ನು ಓದುತ್ತಿದ್ದಾರೆ, ಅಂಬೇಡ್ಕರ್ ಗ್ರಂಥ ಏನು ಮಾಡಿದೆ ಎಂಬುದನ್ನು. ಒಳಗಿದ್ದವನಿಗೆ ಮೊದಲನೆಯ ಓದಿಗೆ ಪುರುಸೊತ್ತಿದೆ. ಆಚೆ ನಿಂತವನಿಗೆ ಎರಡನೆಯದು ಅನಿವಾರ್ಯ.

ಈ ಎರಡನೆಯ ಓದು ಕನ್ನಡಕ್ಕೆ ಹೊಸದೇನಲ್ಲ. ನಮ್ಮ ಕಡೆ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಮಂಟೇಸ್ವಾಮಿ ಯಾರೂ ಹತ್ತಿರ ಸೇರಿಸದ ವೇಷದಲ್ಲಿ ಕಲ್ಯಾಣದ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಜಾತಿ ಬಿಟ್ಟವರ ಊರದು. ಆದರೆ ಒಳಗಿನ ಜಂಗಮರು ಅವನನ್ನು ಕಂಡು ಅಸಹ್ಯಪಡುತ್ತಾರೆ. ಶರಣರ ಮಾತು ಏನೆಂದು ಅವನು ವಿಚಾರಿಸುವುದಿಲ್ಲ. ಬಾಗಿಲಲ್ಲಿ ನಿಂತವನಿಗೆ ಆ ಮಾತಿನಿಂದ ಏನಾಗುತ್ತದೆ ಅಂತ ನೋಡುತ್ತಾನೆ. ನಮ್ಮಜ್ಜಿಯಂಥ ಅಕ್ಷರ ಬಾರದವರು ಇಡೀ ರಾತ್ರಿ ಕೂತು ಕೇಳಿದ್ದು ಈ ಪರೀಕ್ಷೆಯ ಕಥೆಯನ್ನೇ. ದಲಿತ ವಿಮರ್ಶೆಯ ಅಳತೆಗೋಲನ್ನು ನಾವು ಎಲ್ಲಿಂದಲೋ ಸಾಲ ತರಬೇಕಾಗಿಲ್ಲ.

5

ಮೂರನೆಯ ಓದು ಮನೆ ಹುಡುಕುವವನದು. 1935ರ ಅಕ್ಟೋಬರ್ 13ರಂದು ಯೇವಲೆಯಲ್ಲಿ, ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದ ಅಂಬೇಡ್ಕರ್ ನಾಗಪುರದಲ್ಲಿ ಬೌದ್ಧರಾದದ್ದು 1956ರ ಅಕ್ಟೋಬರ್ 14ರಂದು. ನಡುವೆ ಇಪ್ಪತ್ತೊಂದು ವರ್ಷ. ಮತಾಂತರವೆಂದರೆ ಆಮಿಷ, ಆವೇಶ ಅಂತ ಹಗುರವಾಗಿ ಮಾತಾಡುವವರು ಈ ಲೆಕ್ಕ ನೋಡಬೇಕು. ಸುಮ್ಮನೆ ಬಾಡಿಗೆ ಮನೆ ಹಿಡಿಯುವವನೂ ನೀರು ಬರುತ್ತದಾ, ಸೂರು ಸೋರುತ್ತದಾ ಅಂತ ನೋಡುತ್ತಾನೆ. ಇವರು ಲಕ್ಷಾಂತರ ಜನರಿಗೆ ಮನೆ ನೋಡುತ್ತಿದ್ದರು. 1950ರಲ್ಲಿ ಮಹಾಬೋಧಿ ಪತ್ರಿಕೆಗೆ ಬರೆದ ಲೇಖನದಲ್ಲಿ ಧರ್ಮಕ್ಕೆ ಅವರು ಹಾಕುವ ಷರತ್ತುಗಳು ಸ್ಪಷ್ಟವಾಗಿವೆ: ವಿಚಾರಕ್ಕೆ ಒಪ್ಪಬೇಕು, ಸ್ವಾತಂತ್ರ್ಯ ಸಮಾನತೆ ಬಂಧುತ್ವಗಳನ್ನು ಮನ್ನಿಸಬೇಕು, ಬಡತನವನ್ನು ಪವಿತ್ರ ಅನ್ನಬಾರದು.

ಮನೆ ಸಿಕ್ಕ ಮೇಲೂ ಅವರು ಪ್ರಶ್ನೆ ನಿಲ್ಲಿಸಲಿಲ್ಲ ಅನ್ನುವುದು ನನಗೆ ಮುಖ್ಯ. 1957ರಲ್ಲಿ, ತೀರಿಕೊಂಡ ಮೇಲೆ ಬಂದ 'ಬುದ್ಧ ಮತ್ತು ಅವನ ಧಮ್ಮ'ದ ಪ್ರಸ್ತಾವನೆಯಲ್ಲೇ ನಾಲ್ಕು ಪ್ರಶ್ನೆಗಳಿವೆ. ಮುದುಕ, ರೋಗಿ, ಹೆಣಗಳನ್ನು ಇಪ್ಪತ್ತೊಂಬತ್ತನೆಯ ವಯಸ್ಸಿನವರೆಗೆ ಸಿದ್ಧಾರ್ಥ ಕಂಡೇ ಇರಲಿಲ್ಲ ಅನ್ನುವುದನ್ನು ನಂಬುವುದು ಹೇಗೆ? ನಾಲ್ಕು ಆರ್ಯಸತ್ಯಗಳು ಬುದ್ಧನ ಮೂಲಬೋಧೆಯೇ, ಭಿಕ್ಷುಗಳು ಆಮೇಲೆ ಸೇರಿಸಿದ್ದೇ? ಆತ್ಮವಿಲ್ಲ ಅಂದಮೇಲೆ ಕರ್ಮ, ಪುನರ್ಜನ್ಮ ಯಾವುದಕ್ಕೆ? ಭಿಕ್ಷು ಇರುವುದು ತನ್ನ ಪರಿಪೂರ್ಣತೆಗೋ, ಜನರ ಸೇವೆಗೋ?

ಇಲ್ಲಿ ಒಂದು ಕಠಿಣ ಪ್ರಶ್ನೆ ಏಳುತ್ತದೆ. ಅದನ್ನು ನಾವೇ ಎತ್ತುವುದು ಒಳ್ಳೆಯದು. ಪ್ರಕ್ಷಿಪ್ತದ ವಾದವನ್ನು ಗಾಂಧೀಜಿಯಿಂದ ಒಪ್ಪದ ಅಂಬೇಡ್ಕರ್ ಬುದ್ಧನ ವಿಷಯದಲ್ಲಿ ಅದನ್ನೇ ಬಳಸಿದರಲ್ಲವೇ? 1951ರಲ್ಲಿ ಹಿಂದೂ ಸ್ತ್ರೀಯ ಉನ್ನತಿ ಅವನತಿಯ ಬಗ್ಗೆ ಬರೆದ ಲೇಖನದಲ್ಲಿ, ಹೆಂಗಸರನ್ನು ನೋಡಬೇಡಿ, ಮಾತಾಡಿಸಬೇಡಿ ಎಂದು ಬುದ್ಧ ಆನಂದನಿಗೆ ಹೇಳಿದ ಎನ್ನುವ ಭಾಗ ಭಿಕ್ಷುಗಳು ಸೇರಿಸಿದ್ದು ಅನ್ನುತ್ತಾರೆ. ಇದು ಇಬ್ಬಗೆಯ ನೀತಿಯಲ್ಲವೇ?

ಅಲ್ಲ ಅಂತ ನನ್ನ ತಿಳುವಳಿಕೆ. 'ಜಾತಿ ವಿನಾಶ'ದಲ್ಲೇ ಅವರು ಕೇಳಿದ್ದೇನು? ಹಿಂದೂಗಳಿಗೆ ಎಲ್ಲರೂ ಒಪ್ಪುವ ಒಂದೇ ಪ್ರಮಾಣಗ್ರಂಥ ಇರಲಿ, ಮಿಕ್ಕವು ಪ್ರಮಾಣವಾಗಿ ಉಳಿಯದಿರಲಿ ಎಂದು. ಅಂದರೆ ಪ್ರಕ್ಷಿಪ್ತ ಅನ್ನುವುದಾದರೆ ಕಿತ್ತುಹಾಕಿ, ಕಿತ್ತುಹಾಕಿದ್ದನ್ನು ಊರಿಗೆಲ್ಲ ಕೇಳುವಂತೆ ಹೇಳಿ. ಬೌದ್ಧರಿಗಾಗಿ ಅವರು ಮಾಡಿದ್ದು ಈ ಕೆಲಸವನ್ನೇ. ಬೇಡದ್ದನ್ನು ಬಿಟ್ಟು ಹೊಸ ಗ್ರಂಥವನ್ನೇ ಬರೆದುಕೊಟ್ಟರು. ಇದು ಬುದ್ಧನದಲ್ಲ, ಅಂಬೇಡ್ಕರರದು ಅಂತ ಕೆಲವು ಬೌದ್ಧ ಪಂಡಿತರು ಗೊಣಗಿದರೂ ಅವರು ಬಿಟ್ಟದ್ದೇನು, ಇಟ್ಟುಕೊಂಡದ್ದೇನು ಎಲ್ಲರಿಗೂ ಕಾಣುವಂತಿದೆ. ವಾದದಲ್ಲಿ ಮಾತ್ರ ಪ್ರಕ್ಷಿಪ್ತ ಅಂದು, ಪೀಠದ ಮೇಲೆ ಪುಸ್ತಕವನ್ನು ಇದ್ದಂತೆಯೇ ಉಳಿಸಿಕೊಳ್ಳುವುದು ಬೇರೆ ವಿಷಯ.

6

ಇಷ್ಟಾದರೂ ಆಚೆ ನಿಂತವನ ಓದನ್ನು ಸುಲಭವಾಗಿ ಸಹಿಸುವುದಿಲ್ಲ. ಮಹಾರಾಷ್ಟ್ರ ಸರ್ಕಾರ 1987ರಲ್ಲಿ ಅಂಬೇಡ್ಕರರ 'ಹಿಂದೂ ಧರ್ಮದ ಒಗಟುಗಳು' ಪ್ರಕಟಿಸಿದಾಗ ರಾಮ ಕೃಷ್ಣರ ಭಾಗ ತೆಗೆಯಬೇಕೆಂದು ಗಲಾಟೆಯಾಯಿತು. 1988ರಲ್ಲಿ ದಲಿತರು ಮುಂಬಯಿಯ ಬೀದಿಗಳಲ್ಲಿ ಭಾರೀ ಸಂಖ್ಯೆಯಲ್ಲಿ ನೆರೆದರು. ಕೊನೆಗೆ, ಈ ಅಭಿಪ್ರಾಯ ಸರ್ಕಾರದ್ದಲ್ಲ ಎಂಬ ಟಿಪ್ಪಣಿಯೊಂದಿಗೆ ಆ ಭಾಗ ಉಳಿಯಿತು. ಭಾವನೆಗೆ ನೋವಾಯಿತು ಅನ್ನುವವರು, ಆ ಗ್ರಂಥಗಳಿಂದ ಯಾರ ಮೈಗೆ ನೋವಾಗಿದೆ ಅಂತ ಕೇಳಿಕೊಂಡದ್ದು ಕಡಿಮೆ.

ಹಾಗಂತ ಹೊರಗಿನವನ ಓದೆಲ್ಲ ಪವಿತ್ರವಲ್ಲ. ಕುರ್‌ಆನಿನ ಒಂದು ಆಯತ್, ಬೈಬಲಿನ ಒಂದು ಸಾಲು ಕಿತ್ತುಕೊಂಡು ಪಕ್ಕದ ಬೀದಿಯವರ ಮೇಲೆ ಎಸೆಯುವವರು ಇಂದು ಎಲ್ಲ ಕಡೆ ಇದ್ದಾರೆ. ಅವರು ಆ ಗ್ರಂಥದ ಕೆಳಗೆ ಬದುಕಿದವರಲ್ಲ, ಅಲ್ಲಿ ಮನೆ ಹುಡುಕುತ್ತಿರುವವರೂ ಅಲ್ಲ. ಅದು ಆಳುವವನ ಓದು, ಜೋನ್ಸನ ಶ್ರಮ ಒಂದನ್ನು ಬಿಟ್ಟು. ಮನುವನ್ನು ಓದಿ ಗಳಿಸಿದ ಸಿಟ್ಟನ್ನು ಇಂಥವರ ಕೈಗೆ ಕೊಟ್ಟುಬಿಟ್ಟರೆ ನಾವು ಬೇರೆಯವರ ಕೂಲಿಗೆ ಹೋದಂತೆ. ನಮ್ಮ ಹುಡುಗರು ಈ ವಿಷಯದಲ್ಲಿ ಎಚ್ಚರವಾಗಿರಬೇಕು.

ನನ್ನ ವಿದ್ಯಾರ್ಥಿಗಳಿಗೆ ಯಾವ ಧರ್ಮದ ಗ್ರಂಥ ಹಿಡಿದರೂ ಮೂರು ಪ್ರಶ್ನೆ ಕೇಳಿ ಅನ್ನುತ್ತೇನೆ. ಇದು ಯಾರೊಂದಿಗೆ ಮಾತಾಡುತ್ತಿದೆ, ಯಾರ ಬಗ್ಗೆ ಮಾತ್ರ ಮಾತಾಡುತ್ತಿದೆ? ಇದನ್ನು ನಂಬಿದವರು ಇದರ ಬಲದಿಂದ ಏನು ಮಾಡಿದ್ದಾರೆ, ಕೆಟ್ಟದ್ದು, ಒಳ್ಳೆಯದು ಎರಡೂ? ಇದೇ ಪ್ರಶ್ನೆಯನ್ನು ನನ್ನ ಮನೆಯ ಪುಸ್ತಕಕ್ಕೆ ಕೇಳಲು ನಾನು ತಯಾರಿದ್ದೇನೆಯೇ?

ಮೂರನೆಯದು ಎಲ್ಲಕ್ಕಿಂತ ಕಷ್ಟ. ಅಂಬೇಡ್ಕರ್ ಸಂಪುಟಗಳು ಈಗ ಕನ್ನಡದಲ್ಲಿವೆ. ಅವಕ್ಕೆ ಹಾರ ಹಾಕಿ ಮೆರವಣಿಗೆ ಮಾಡುವುದನ್ನೂ ಕಂಡಿದ್ದೇನೆ. ಭಿಕ್ಷುಣಿಯರಿಗೆ ವಿಧಿಸಿದ ಎಂಟು ನಿಯಮಗಳಲ್ಲಿ ಮೊದಲನೆಯದು, ನೂರು ವರ್ಷ ಹಿರಿಯಳಾದ ಭಿಕ್ಷುಣಿಯೂ ಅಂದು ದೀಕ್ಷೆ ಪಡೆದ ಭಿಕ್ಷುವಿಗೆ ಎದ್ದು ವಂದಿಸಬೇಕು ಅನ್ನುತ್ತದೆ. ಅದನ್ನು ನಮ್ಮ ಹೆಣ್ಣುಮಕ್ಕಳು ಓದಿ ಏನು ಹೇಳುತ್ತಾರೋ ಅದನ್ನು ಕೇಳುವ ಕಿವಿ ನಮಗಿರಬೇಕು. ಆ ಬಾಗಿಲಲ್ಲಿ ನಿಂತಿರುವವರು ಅವರು. ಆಗ 'ಒಳಗಿದ್ದವರಿಗೆ ಮಾತ್ರ ಅರ್ಥವಾಗುತ್ತದೆ' ಎಂಬ ಹಳೆಯ ಮಾತು ನಮ್ಮ ಬಾಯಿಂದ ಬರಕೂಡದು.